ಲಡ್ಲೋದಲ್ಲಿ ತಪ್ಪು ಎರಡೂ ಕಡೆ ಸಮವಾಗಿತ್ತಾ?

ಗಣಿ ಮುಷ್ಕರಗಳ ಮಾತು ಬಂದಾಗೆಲ್ಲ "ಹಿಂಸೆ ಎರಡೂ ಕಡೆಯಿಂದ ಆಯ್ತು ಬಿಡಿ" ಅಂತ ಹೇಳಿ ಮುಗಿಸುವವರೇ ಜಾಸ್ತಿ. ಅಮೆರಿಕದ ಕೊಲರಾಡೋ ರಾಜ್ಯದ ಲಡ್ಲೋ ವಿಷಯದಲ್ಲಿ ಈ ಮಾತನ್ನು ನಾನು ಒಪ್ಪುವುದಿಲ್ಲ.

1913ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಕಲ್ಲಿದ್ದಲು ಕಾರ್ಮಿಕರು ಕೆಲಸ ನಿಲ್ಲಿಸಿದರು. ಅಲ್ಲಿನ ಅತಿ ದೊಡ್ಡ ಗಣಿ ಕಂಪನಿ ರಾಕ್‌ಫೆಲರ್ ಕುಟುಂಬದ ಹಿಡಿತದಲ್ಲಿತ್ತು. ಕಾರ್ಮಿಕರು ಕೇಳಿದ್ದಾದರೂ ಏನು? ಸಂಘಕ್ಕೆ ಮಾನ್ಯತೆ, ದಿನಕ್ಕೆ ಎಂಟು ಗಂಟೆ ಕೆಲಸ. ತಮಗೆ ಬೇಕಾದ ಅಂಗಡಿಗೆ, ಬೇಕಾದ ಡಾಕ್ಟರ ಹತ್ತಿರ ಹೋಗುವ ಹಕ್ಕು. ಕಲ್ಲಿದ್ದಲು ತೂಗುವಾಗ ಪಕ್ಕದಲ್ಲಿ ನಿಂತು ನೋಡಲು ತಮ್ಮವನೊಬ್ಬ. ಇದರಲ್ಲಿ ಕೆಲವು ಆ ರಾಜ್ಯದ ಕಾನೂನಿನಲ್ಲಿ ಆಗಲೇ ಇದ್ದವು!

ನನ್ನನ್ನು ತುಂಬಾ ಕಾಡುವುದು ಕೂಲಿಯ ಲೆಕ್ಕ. ಕೂಲಿ ಕೊಡುತ್ತಿದ್ದದ್ದು ಟನ್ ಲೆಕ್ಕದಲ್ಲಿ. ಮೇಲಿನ ಬಂಡೆ ಕುಸಿಯದಂತೆ ಮರದ ಕಂಬ ನಿಲ್ಲಿಸಿದರೆ, ಹಳಿ ಹಾಕಿದರೆ ಕಾಸಿಲ್ಲ. ಅಂದರೆ ಜೀವ ಉಳಿಸಿಕೊಳ್ಳುವ ಕೆಲಸಕ್ಕೆ ಕಳೆದಷ್ಟೂ ಹೊತ್ತು ಅವನ ಕೂಲಿಗೆ ಕತ್ತರಿ. ತೂಗುವ ತಕ್ಕಡಿಯೂ ಕಂಪನಿಯದೇ. ಇಂಥ ಲೆಕ್ಕ ಬರೆದವರು ಗುಂಡು ಹಾರುವ ಎಷ್ಟೋ ಮೊದಲೇ ಹಿಂಸೆ ಶುರು ಮಾಡಿದ್ದರು, ಅಲ್ವಾ?

ಮುಷ್ಕರ ಹೂಡಿದವರನ್ನು ಕಂಪನಿಯ ಮನೆಗಳಿಂದ ಹೊರಹಾಕಿದರು. ಸುಮಾರು 1,200 ಜನ ಲಡ್ಲೋದ ಡೇರೆಗಳಲ್ಲಿ ಚಳಿಗಾಲ ಕಳೆದರು. ಕಂಪನಿಯ ಬಾಡಿಗೆ ಬಂಟರು ಮೆಷಿನ್ ಗನ್ ಕೂರಿಸಿದ ಕಾರಿನಲ್ಲಿ ಸುತ್ತುತ್ತಿದ್ದರು. ಹೆದರಿದ ಜನ ಡೇರೆಗಳ ಅಡಿಯಲ್ಲಿ ಕುಳಿ ತೋಡಿಕೊಂಡರು. 1914ರ ಏಪ್ರಿಲ್ 20ರಂದು ನ್ಯಾಷನಲ್ ಗಾರ್ಡ್ ಎಂಬ ರಾಜ್ಯದ ಸೇನಾಪಡೆಯವರಿಗೂ ಕಾರ್ಮಿಕರಿಗೂ ದಿನವಿಡೀ ಗುಂಡಿನ ಕಾಳಗ ನಡೆಯಿತು. ಆ ಸಮವಸ್ತ್ರ ತೊಟ್ಟವರಲ್ಲಿ ಹಲವರು ಅಷ್ಟರಲ್ಲಿ ಕಂಪನಿಯ ಕಾವಲುಗಾರರೇ ಆಗಿದ್ದರು. ಸಂಜೆ ಡೇರೆಗಳು ಹೊತ್ತಿ ಉರಿದವು. ಒಂದೇ ಕುಳಿಯಲ್ಲಿ ಅಡಗಿದ್ದ 11 ಮಕ್ಕಳು, ಇಬ್ಬರು ಹೆಂಗಸರು ಉಸಿರುಕಟ್ಟಿ ಸತ್ತರು. ಡೇರೆಯವರ ಮುಖಂಡ ಲೂಯಿಸ್ ಟಿಕಾಸ್‌ನನ್ನು ಸೆರೆಹಿಡಿದ ಮೇಲೆ ಬೆನ್ನಿಗೆ ಗುಂಡಿಟ್ಟು ಕೊಂದರು.

ಕಾರ್ಮಿಕರೂ ಕೊಂದಿದ್ದಾರೆ. ಲಡ್ಲೋ ಆದ ಮೇಲೆ ಹತ್ತು ದಿನ ಕೋವಿ ಹಿಡಿದು ಗಣಿಗಳ ಮೇಲೆ ಬಿದ್ದರು. ಅದನ್ನು ಮುಚ್ಚಿಡಬೇಕಿಲ್ಲ. ಅಧ್ಯಕ್ಷ ವಿಲ್ಸನ್ ಕೇಂದ್ರದ ಸೈನ್ಯ ಕಳಿಸಿದ ಮೇಲೆಯೇ ಅದು ನಿಂತದ್ದು.

ಆದರೆ ಆಮೇಲೆ ಏನಾಯಿತು ನೋಡಿ. ಡಿಸೆಂಬರ್‌ನಲ್ಲಿ ಸಂಘಕ್ಕೆ ಮಾನ್ಯತೆ ಸಿಗದೆಯೇ ಮುಷ್ಕರ ಮುಗಿಯಿತು. ಸೇನಾ ನ್ಯಾಯಾಲಯ ಗಾರ್ಡ್‌ನವರನ್ನು ಖುಲಾಸೆ ಮಾಡಿತು. ಆದರೆ ಕಾರ್ಮಿಕ ನಾಯಕ ಜಾನ್ ಲಾಸನ್ ಮೇಲೆ ಕೊಲೆಯ ಆರೋಪ ಸಾಬೀತು ಎಂದು ತೀರ್ಪು ಬಂತು. ಅದನ್ನು ಮೇಲಿನ ಕೋರ್ಟ್ ರದ್ದು ಮಾಡಿದ್ದು 1917ರಲ್ಲಿ. ತಪ್ಪು ಇಬ್ಬರದೂ ಸಮ ಅನ್ನುವವರು ಈ ತೀರ್ಪುಗಳನ್ನು ಒಮ್ಮೆ ಅಕ್ಕಪಕ್ಕ ಇಟ್ಟು ಓದಲಿ.