ಐದಡಿ ಮೂರಿಂಚಿನ ಮಗ್ಸಿ

ಮಗು ಸ್ವಲ್ಪ ಗಿಡ್ಡ ಅನಿಸಿದರೆ ಸಾಕು, ನಮ್ಮಲ್ಲಿ ಎಲ್ಲರೂ ಡಾಕ್ಟರಾಗಿಬಿಡುತ್ತಾರೆ. ಪಕ್ಕದ ಮನೆಯವರು ಸ್ಕಿಪ್ಪಿಂಗ್ ಆಡಿಸಿ ಅನ್ನುತ್ತಾರೆ. ಸೋದರಮಾವ ಕಂಬಿ ಹಿಡಿದು ಜೋತಾಡಲಿ ಅನ್ನುತ್ತಾನೆ. ಕೊನೆಗೆ ಪಿ.ಟಿ. ಮೇಷ್ಟ್ರು ತೀರ್ಪು ಕೊಡುತ್ತಾರೆ: "ಬಾಸ್ಕೆಟ್‌ಬಾಲ್‌ಗೆ ಸೇರಿಸಿ, ತಾನಾಗೇ ಉದ್ದ ಆಗ್ತಾನೆ." ಆಡುವವರೆಲ್ಲ ಉದ್ದ ಇರುವುದು ಕಣ್ಣಿಗೇ ಕಾಣುತ್ತದಲ್ಲ! ಉದ್ದ ಇದ್ದವರನ್ನೇ ಆರಿಸಿ ಆಡಿಸಿರುತ್ತಾರೆ ಅನ್ನುವುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಈ ಸಲಹೆಗೆ ಉತ್ತರವಾಗಿ ನಾನು ಒಬ್ಬನ ಹೆಸರು ಹೇಳುವುದುಂಟು. ಟೈರೋನ್ ಬೋಗ್ಸ್. ಜಗತ್ತಿಗೆಲ್ಲ ಗೊತ್ತಿರುವುದು ಮಗ್ಸಿ ಬೋಗ್ಸ್ ಅಂತ. ಚಿಕ್ಕಂದಿನಿಂದ ಬಾಸ್ಕೆಟ್‌ಬಾಲ್ ಆಡುತ್ತಲೇ ಬೆಳೆದವನು. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ 14 ಸೀಸನ್ ಆಡಿದವನು. ಅಷ್ಟೆಲ್ಲಾ ಆಡಿದರೂ ಐದಡಿ ಮೂರಿಂಚಿನ ಮೇಲೆ ಒಂದು ಕೂದಲೆಳೆಯಷ್ಟೂ ಬೆಳೆಯಲಿಲ್ಲ. ಎನ್‌ಬಿಎ ಇತಿಹಾಸದಲ್ಲೇ ಅತಿ ಗಿಡ್ಡ ಆಟಗಾರ ಅನ್ನುವ ದಾಖಲೆ ಇವತ್ತಿಗೂ ಅವನದೇ. ಮೇಷ್ಟ್ರು ಇದಕ್ಕೇನಂತಾರೋ!

ಹುಟ್ಟಿದ್ದು 1965ರಲ್ಲಿ, ಬಾಲ್ಟಿಮೋರ್ ನಗರದಲ್ಲಿ. ಬೆಳೆದದ್ದು ಬಡವರಿಗೆಂದು ಸರ್ಕಾರ ಕಟ್ಟಿದ್ದ ಲಫಾಯೆಟ್ ಕೋರ್ಟ್ ಅನ್ನುವ ವಸತಿ ಸಮುಚ್ಚಯದಲ್ಲಿ. ಐದು ವರ್ಷದವನಿದ್ದಾಗ, ಯಾರೋ ಹಾರಿಸಿದ ಬಂದೂಕಿನ ಚರೆಗಳು ಇವನ ಕೈಕಾಲಿಗೆ ಬಡಿದವು. ಹನ್ನೆರಡಾಗುವ ಹೊತ್ತಿಗೆ ಅಪ್ಪ ಜೈಲಿನಲ್ಲಿ. ಇಂಥದ್ದನ್ನು ಬರೆಯುತ್ತಾ ಹೋದರೆ ಕಣ್ಣೀರಿನ ಕಥೆಯಾಗುತ್ತದೆ. ಮಗ್ಸಿಯ ಕಥೆ ಅಂಥದ್ದಲ್ಲ ಅನ್ನುವುದೇ ನನಗೆ ಇಷ್ಟ. ಅವನಿಗೆ ಆಟದ ಅಂಗಳದ ಹುಡುಗರ ಕಾಟವೇ ಜಾಸ್ತಿ ಇದ್ದದ್ದು. ಟೀಮ್ ಹಂಚಿಕೊಳ್ಳುವಾಗ ಯಾರೂ ಇವನನ್ನು ಕರೆಯುತ್ತಿರಲಿಲ್ಲ. ಆಮೇಲೆ ಎದುರಾಳಿಗಳ ಕೈಯಿಂದ ಇವನು ಚೆಂಡು ದೋಚುವ ಪರಿ ನೋಡಿ ಅದೇ ಗೆಳೆಯರು ಇಟ್ಟ ಹೆಸರು ಮಗ್ಸಿ; ಇಂಗ್ಲಿಷಿನಲ್ಲಿ 'ಮಗ್' ಅಂದರೆ ದೋಚು ಅಂತಲೂ ಅರ್ಥ.

ಡನ್‌ಬಾರ್ ಹೈಸ್ಕೂಲಿನ ಟೀಮಿನಲ್ಲಿ ಅವನ ಜೊತೆ ಆಡುತ್ತಿದ್ದವರಲ್ಲಿ ರೆಜಿ ವಿಲಿಯಮ್ಸ್, ಡೇವಿಡ್ ವಿಂಗೇಟ್, ರೆಜಿ ಲೂಯಿಸ್ ಮೂವರೂ ಮುಂದೆ ಎನ್‌ಬಿಎಗೆ ಹೋದರು. ಒಂದೇ ಶಾಲೆಯಿಂದ ನಾಲ್ಕು ಜನ! ಆ ದಿನಗಳಲ್ಲಿ ನ್ಯೂಜೆರ್ಸಿಯ ಕ್ಯಾಮ್ಡನ್ ಶಾಲೆಯ ಮೇಲೆ ಆಡಲು ಹೋದಾಗ, ಇವನು ಅಂಕಣಕ್ಕೆ ಇಳಿದದ್ದೇ ತಡ, ಪ್ರೇಕ್ಷಕರು ನಗಲು ಶುರು ಮಾಡಿದರಂತೆ. ಆಟ ಮುಗಿಯುವಷ್ಟರಲ್ಲಿ ನಗುವವರು ಉಳಿದಿರಲಿಲ್ಲ.

ಅವನು ಹೇಗೆ ಆಡುತ್ತಿದ್ದ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಾಸ್ಕೆಟ್ಟಿನ ಬಳೆ ಇರುವುದು ಹತ್ತಡಿ ಎತ್ತರದಲ್ಲಿ. ಎಲ್ಲರ ಕಣ್ಣೂ ಅಲ್ಲೇ. ಆದರೆ ಚೆಂಡು ಅಷ್ಟು ಎತ್ತರಕ್ಕೆ ಹೋಗುವುದು ಒಂದೆರಡು ಕ್ಷಣ ಮಾತ್ರ. ಉಳಿದಷ್ಟು ಹೊತ್ತೂ ಅದು ನೆಲಕ್ಕೆ ಬಡಿಯುತ್ತಾ, ಮೊಣಕಾಲಿನ ಮಟ್ಟದಲ್ಲೋ ಸೊಂಟದ ಮಟ್ಟದಲ್ಲೋ ಓಡಾಡಿಕೊಂಡಿರುತ್ತದೆ. ಆರೂವರೆ ಅಡಿಯ ಆಳಿಗೆ ಸೊಂಟದ ಮಟ್ಟ ಅಂದರೆ ಮಗ್ಸಿಗೆ ಎದೆಯ ಮಟ್ಟ. ಅವರು ಬಗ್ಗಿ ಕಾಯಬೇಕಾದ ಚೆಂಡು ಇವನ ಕಣ್ಣ ಮುಂದೆಯೇ ಕುಣಿಯುತ್ತಿತ್ತು. ಅವನು ಸುಮ್ನೆ ಕೈ ಚಾಚಿದರೆ ಆಯಿತು. ಏಳಡಿಯ ದೈತ್ಯನೊಬ್ಬ ಹಾರಿ ಚೆಂಡು ಹಿಡಿದು, ನೆಲಕ್ಕಿಳಿದು, ಉಸಿರು ತೆಗೆದುಕೊಳ್ಳಲೆಂದು ಅದನ್ನು ಎದೆಯ ಹತ್ತಿರ ತಂದ ಅಂದುಕೊಳ್ಳಿ. ಮರುಕ್ಷಣ ಕೈ ಖಾಲಿ. ತಿರುಗಿ ನೋಡಿದರೆ ಚೆಂಡು ಆಗಲೇ ಅಂಕಣದ ಆ ತುದಿಯಲ್ಲಿ. ಇನ್ನು ಮಗ್ಸಿ ಸ್ವತಃ ಚೆಂಡು ಬಡಿಯುವಾಗ ಅದು ಮೊಣಕಾಲು ದಾಟಿ ಮೇಲೆ ಬರುತ್ತಲೇ ಇರಲಿಲ್ಲ. ಕಸಿಯಬೇಕಾದವನು ಅಷ್ಟುದ್ದದ ಬೆನ್ನನ್ನು ಎಷ್ಟು ಅಂತ ಬಗ್ಗಿಸುತ್ತಾನೆ ಪಾಪ.

1986ರಲ್ಲಿ ಸ್ಪೇನಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಅಮೆರಿಕದ ತಂಡದಲ್ಲಿ ಅವನಿದ್ದ. ಮರುವರ್ಷ ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ ವಾಷಿಂಗ್ಟನ್ ಬುಲೆಟ್ಸ್ ತಂಡ ಹನ್ನೆರಡನೆಯ ಆಯ್ಕೆಯಾಗಿ ಇವನನ್ನು ತೆಗೆದುಕೊಂಡಿತು. ಆ ತಂಡದಲ್ಲಿ ಆಗಲೇ ಮನೂಟ್ ಬೋಲ್ ಇದ್ದ. ಸೂಡಾನಿನ ಡಿಂಕಾ ಜನಾಂಗದವನು, ಏಳಡಿ ಏಳಿಂಚು. ಇಬ್ಬರ ನಡುವೆ ಎರಡಡಿ ನಾಲ್ಕಿಂಚಿನ ಅಂತರ. ಫೋಟೋದವರಿಗೆ ಹಬ್ಬ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ತೆಗೆದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಜನ ಅದನ್ನು ನೋಡಿ ನಗುತ್ತಾರೆ. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ. ಆದರೆ ಅಲ್ಲಿ ತಮಾಷೆಗೆ ಸಿಕ್ಕಿದ್ದು ಮಗ್ಸಿ ಒಬ್ಬನೇ ಅಲ್ಲ, ಬೋಲ್‌ನನ್ನೂ ಜನ ಜಾತ್ರೆಗೆ ತಂದ ವಿಚಿತ್ರ ಪ್ರಾಣಿಯ ಹಾಗೇ ನೋಡುತ್ತಿದ್ದರು. ಅಳತೆಪಟ್ಟಿಯ ಎರಡು ತುದಿಯಲ್ಲಿದ್ದವರಿಗೂ ಒಂದೇ ಗತಿ. ನಡುವೆ ಇರುವ ನಮ್ಮಂಥವರಿಗೆ ನಗುವುದು ಸುಲಭ, ಅಲ್ವಾ?

1988ರಲ್ಲಿ ಷಾರ್ಲಟ್ ನಗರಕ್ಕೆ ಹಾರ್ನೆಟ್ಸ್ ಅನ್ನುವ ಹೊಸ ತಂಡ ಬಂತು. ಹೊಸ ತಂಡಕ್ಕೆ ಆಟಗಾರರನ್ನು ಬಿಟ್ಟುಕೊಡುವಾಗ ಬುಲೆಟ್ಸ್‌ನವರು ಇವನನ್ನು ಉಳಿಸಿಕೊಳ್ಳಲಿಲ್ಲ. ಅವರಿಗೆ ಬೇಡವಾದದ್ದು ಷಾರ್ಲಟ್‌ಗೆ ಲಾಭವಾಯಿತು. ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಅವನು ಅಲ್ಲೇ ಆಡಿದ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಕ್ರೀಡಾಂಗಣ ದಿನವೂ ತುಂಬುತ್ತಿತ್ತು. ಮಕ್ಕಳಿಗಂತೂ ಅವನೆಂದರೆ ಪ್ರಾಣ. ಯಾಕೆ ಅಂತ ಕೇಳಬೇಕಾಗಿಲ್ಲ. ಆರನೇ ಕ್ಲಾಸಿನ ಹುಡುಗ ಕತ್ತು ಎತ್ತದೇ ಮಾತಾಡಿಸಬಹುದಾದ ಒಬ್ಬನೇ ಒಬ್ಬ ಎನ್‌ಬಿಎ ಆಟಗಾರ ಅವನು.

ಹಾಗಂತ ಗಿಡ್ಡ ಇದ್ದರೆ ಒಳ್ಳೆಯದು ಅಂತ ನಾನು ವಾದಿಸುವುದಿಲ್ಲ. "ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು" ಅನ್ನುವವರು ಸಾಮಾನ್ಯವಾಗಿ ಉದ್ದ ಇರುವವರೇ. ಮಗ್ಸಿಗೆ ತೊಂದರೆ ಇದ್ದೇ ಇತ್ತು. ಎದುರಾಳಿ ತಂಡದ ಉದ್ದನೆಯ ಆಟಗಾರ ಬುಟ್ಟಿಯ ಹತ್ತಿರ ಬೆನ್ನು ಕೊಟ್ಟು ನಿಂತರೆ, ತಲೆಯ ಮೇಲಿಂದ ಎಸೆಯುವ ಚೆಂಡನ್ನು ತಡೆಯಲು ಇವನಿಗೆ ಆಗುತ್ತಿರಲಿಲ್ಲ. ಇನ್ನೊಬ್ಬ ಓಡಿ ಬರಬೇಕಾಗಿತ್ತು. ಆ ಸಾಲವನ್ನು ಅವನು ಇನ್ನೊಂದು ಕಡೆಯಿಂದ ತೀರಿಸುತ್ತಿದ್ದ. ವೃತ್ತಿಜೀವನದ 889 ಪಂದ್ಯಗಳಲ್ಲಿ 6,726 ಅಸಿಸ್ಟ್. ಅಂದರೆ ಅಷ್ಟು ಸಲ ಇವನು ಕೊಟ್ಟ ಚೆಂಡನ್ನು ಬೇರೆ ಯಾರೋ ಬುಟ್ಟಿಗೆ ಹಾಕಿ ಚಪ್ಪಾಳೆ ಗಿಟ್ಟಿಸಿದ್ದಾರೆ. ಅಷ್ಟು ಹಂಚಿದರೂ ಚೆಂಡು ಕಳೆದುಕೊಂಡದ್ದು ಬಲು ಅಪರೂಪ.

1995ರ ಹೊತ್ತಿಗೆ ಮೊಣಕಾಲು ಕೈಕೊಟ್ಟಿತು. ಆಮೇಲೆ ಗೋಲ್ಡನ್ ಸ್ಟೇಟ್, ಟೊರಾಂಟೊ ಅಂತ ಬೇರೆ ತಂಡಗಳಿಗೆ ತಿರುಗಿ 2001ಕ್ಕೆ ಆಟ ನಿಲ್ಲಿಸಿದ. ಷಾರ್ಲಟ್‌ನಲ್ಲೇ ಕೆಲಕಾಲ ಮಹಿಳೆಯರ ತಂಡಕ್ಕೆ ಕೋಚ್ ಆಗಿದ್ದ, ಆಮೇಲೆ ಹೈಸ್ಕೂಲ್ ಹುಡುಗರಿಗೂ ಕಲಿಸಿದ.

ಬ್ಲಾಕ್‌ಗಳ ಲೆಕ್ಕ ಹೇಳದಿದ್ದರೆ ಮೋಸವಾಗುತ್ತದೆ. ಎದುರಾಳಿಯ ಎಸೆತವನ್ನು ತಡೆಯುವುದು ಉದ್ದನೆಯವರ ಕೆಲಸ. ಮಗ್ಸಿ ಇಡೀ ಜೀವನದಲ್ಲಿ ಮಾಡಿದ್ದು 39. ಅದರಲ್ಲಿ ಒಂದು 1993ರ ಏಪ್ರಿಲ್ 14ರಂದು, ನ್ಯೂಯಾರ್ಕ್ ನಿಕ್ಸ್ ತಂಡದ ಪ್ಯಾಟ್ರಿಕ್ ಯೂಯಿಂಗ್ ಮೇಲೆ. ಯೂಯಿಂಗ್ ಪೂರಾ ಏಳಡಿಯ ಆಳು. ಅವನು ಎಸೆಯಲು ಚೆಂಡು ಮೇಲೆತ್ತಲು ಹೊರಟಾಗಲೇ, ಅದಿನ್ನೂ ಕೆಳಗಿರುವಾಗಲೇ ಮಗ್ಸಿಯ ಕೈ ಬಡಿದಿತ್ತು. ಅದನ್ನು ಬ್ಲಾಕ್ ಅನ್ನಬಾರದು, ಕಸಿದದ್ದು ಅನ್ನಬೇಕು ಅಂತ ತಕರಾರು ತೆಗೆಯುವವರು ತೆಗೆಯಲಿ. ಸ್ಕೋರರ್ ಬ್ಲಾಕ್ ಅಂತಲೇ ಬರೆದುಕೊಂಡಿದ್ದಾನೆ. ನನ್ನ ಓಟು ಸ್ಕೋರರ್‌ಗೆ.