ಲಾಫ್ಟ್ ಜೊತೆಗೆ ಬೌನ್ಸ್ ಕೂಡ ನೋಡಬೇಕು

ಗಾಲ್ಫ್‌ನಲ್ಲಿ ಹತ್ತಿರದ ಹೊಡೆತಗಳಿಗೆ ಬಳಸುವ ವೆಜ್ ಎಂಬ ಕ್ಲಬ್‌ಗಳನ್ನು ಆಟಗಾರನ ಹೊಡೆತಕ್ಕೆ ತಕ್ಕಂತೆ ಮಾಡಿಸಿಕೊಳ್ಳಬೇಕೆಂದು ನಾನು ಓದಿದ ಲೇಖನವೊಂದು ಹೇಳಿತ್ತು; ಆ ಸಲಹೆ ಸರಿಯಾಗಿಯೇ ಇದೆ. ಆದರೆ ಲಾಫ್ಟ್, ಅಂದರೆ ಚೆಂಡನ್ನು ಮೇಲೆತ್ತುವ ಕ್ಲಬ್ ಮುಖದ ಓರೆ, ಅದರ ಅಂತರಗಳಿಗೆ ಅಷ್ಟು ಜಾಗ ಕೊಟ್ಟು, ಬೌನ್ಸ್ ಅನ್ನು (ಕ್ಲಬ್ಬಿನ ತಳ ಮುಂದಿನ ಅಂಚಿಗಿಂತ ಕೆಳಕ್ಕೆ ಇಳಿದಿರುವ ಕೋನ) ಒಂದೇ ಸಾಲಿನಲ್ಲಿ ಮುಗಿಸಿರುವುದು ಕೊರತೆಯಾಗಿ ಕಂಡಿತು. ವೆಜ್‌ಗಳಲ್ಲಿ ಲಾಫ್ಟ್ ಕಡಿಮೆಯಿರುವ ಪಿಚಿಂಗ್ ವೆಜ್ ಇಂದು 44 ಡಿಗ್ರಿಯ ಆಸುಪಾಸಿನಲ್ಲಿರುವಾಗ ಅಲ್ಲಿಂದ ನೇರವಾಗಿ 56 ಡಿಗ್ರಿಯ ವೆಜ್‌ಗೆ ಹಾರಿದರೆ ನಡುವಿನ ದೂರಗಳಿಗೆ ಅರೆಬರೆ ಸ್ವಿಂಗ್‌ನಲ್ಲಿ ತಡಕಾಡಬೇಕಾಗುತ್ತದೆ ಎಂಬುದು ನಿಜ, ಅದನ್ನು ಅಂಗಡಿಯವರೂ ಹೇಳುತ್ತಾರೆ. ಬೌನ್ಸ್ ವಿಷಯ ಹಾಗಲ್ಲ. 1932ರಲ್ಲಿ ಬ್ರಿಟಿಷ್ ಓಪನ್ ಗೆದ್ದ ಜೀನ್ ಸರಾಜೆನ್ ತಳಕ್ಕೆ ಲೋಹ ಬೆಸೆದು ಸಿದ್ಧಪಡಿಸಿಕೊಂಡಿದ್ದ ಸ್ಯಾಂಡ್ ವೆಜ್‌ನ ಗುಟ್ಟು ಇದ್ದದ್ದೇ ಅಲ್ಲಿ: ಮುಂದಿನ ಅಂಚು ಮರಳಿನಲ್ಲಿ ನಾಟಿಕೊಳ್ಳದೆ ಕ್ಲಬ್ ಜಾರಿ ಹೊರಬರುತ್ತಿತ್ತು. ಕ್ಲಬ್ಬನ್ನು ಕಡಿದಾಗಿ ಇಳಿಸಿ ಆಳವಾದ ಡಿವಟ್ (ಹೊಡೆತಕ್ಕೆ ಕಿತ್ತುಬರುವ ಹುಲ್ಲುಮಣ್ಣಿನ ಹೆಂಟೆ) ತೆಗೆಯುವವರನ್ನು 12 ಡಿಗ್ರಿಯ ಬೌನ್ಸ್ ಕಾಪಾಡುತ್ತದೆ. ಅದೇ ವೆಜ್ಜನ್ನು, ಹುಲ್ಲು ಸವರಿದಂತೆ ಹೊಡೆಯುವವರು ಬೇಸಿಗೆಯ ಗಟ್ಟಿ ನೆಲದಲ್ಲಿ ಬಳಸಿದರೆ ತಳ ಪುಟಿದು ಅಂಚು ಚೆಂಡಿನ ನಡುವಿಗೇ ಬಡಿಯುತ್ತದೆ. ಅಭ್ಯಾಸದ ಕೃತಕ ಹುಲ್ಲಿನ ಮ್ಯಾಟ್ ಮೇಲೆ ಇದು ಗೊತ್ತಾಗುವುದಿಲ್ಲ, ಏಕೆಂದರೆ ಚೆಂಡಿನ ಹಿಂದೆ ಬಿದ್ದ ಹೊಡೆತವೂ ಅಲ್ಲಿ ಜಾರಿಕೊಂಡು ಹೋಗಿ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಹೊಡೆತಕ್ಕೆ ತಕ್ಕ ಕ್ಲಬ್ ಹೊಂದಿಸಿಕೊಡುವ ಫಿಟ್ಟಿಂಗ್‌ಗೆ ಹಣ ಕಟ್ಟುವ ಮುನ್ನ, ನಿಜವಾದ ಹುಲ್ಲಿನಲ್ಲಿಯೂ ಬಂಕರ್ ಎಂಬ ಮರಳುಗುಂಡಿಯಲ್ಲಿಯೂ ಹೊಡೆದು ನೋಡಲು ಅವಕಾಶವಿದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.