ಕಪ್ಪು-ಬಿಳುಪು ಚಿತ್ರದ ಭಾವ ಎಲ್ಲಿಂದ ಬರುತ್ತದೆ?

ಹಳೆಯ ಕಪ್ಪು-ಬಿಳುಪು ಫೋಟೊ ಯಾರಾದರೂ ಹಾಕಿದರೆ ಸಾಕು, ಕೆಳಗೆ ‘ಅದ್ಭುತ’, ‘ಆ ಕಾಲವೇ ಬೇರೆ’ ಅನ್ನುವ ಮಾತುಗಳು ಸಾಲುಗಟ್ಟುತ್ತವೆ. ಮೆಚ್ಚುಗೆಗೆ ನನ್ನ ತಕರಾರಿಲ್ಲ. ಆದರೆ ಆ ಭಾವ ಹಳೆಯದು ಅನ್ನುವ ಕಾರಣಕ್ಕೆ ಬಂದದ್ದಲ್ಲ, ಬಣ್ಣ ಇಲ್ಲ ಅನ್ನುವ ಕಾರಣಕ್ಕೂ ಅಲ್ಲ. ಎಲ್ಲಿ ಎಷ್ಟು ಕಪ್ಪು, ಎಲ್ಲಿ ಎಷ್ಟು ಬಿಳುಪು, ಅಂಚಿನೊಳಗೆ ಏನಿರಬೇಕು ಅಂತ ಒಬ್ಬರು ತೀರ್ಮಾನ ಮಾಡಿದ್ದಕ್ಕೆ ಬಂದದ್ದು.

ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್‌ನಲ್ಲಿ ತೆಗೆದ ಚಂದ್ರೋದಯದ ಚಿತ್ರ ನೋಡಿ. ಬೆಳಕು ಇಳಿಯುತ್ತಿತ್ತು, ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪಿನ ಅಂಕಿ ನೆನಪಿತ್ತು, ಅದರ ಮೇಲೇ ಲೆಕ್ಕ ಹಾಕಿ ಲೆನ್ಸಿನ ರಂಧ್ರವನ್ನು ತುಂಬ ಕಿರಿದಾಗಿ (ಎಫ್/32) ಇಟ್ಟು ಫಿಲ್ಮ್‌ಗೆ ಒಂದು ಸೆಕೆಂಡ್ ಬೆಳಕು ಬಿಟ್ಟರು. ಚಂದ್ರ ಉಳಿದ, ಆದರೆ ಕೆಳಗಿನ ಊರು ಸಾಕಷ್ಟು ಬೆಳಕು ಸಿಗದೆ ನೆಗೆಟಿವ್‌ನಲ್ಲಿ ತೆಳುವಾಗಿ ಬಿತ್ತು. 1948ರಲ್ಲಿ ಆ ಭಾಗವನ್ನು ರಾಸಾಯನಿಕದಿಂದ ಗಟ್ಟಿ ಮಾಡಿಕೊಂಡರು. ಇನ್ನು ಆಕಾಶ. ಮೊದಮೊದಲ ಪ್ರಿಂಟ್‌ಗಳಲ್ಲಿ ಅದು ಬೂದು, ಮೋಡದ ಗೀರುಗಳು ಕಾಣುತ್ತವೆ. ಎನ್‌ಲಾರ್ಜರ್ (ನೆಗೆಟಿವ್ ಅನ್ನು ಕಾಗದದ ಮೇಲೆ ದೊಡ್ಡದಾಗಿ ಮೂಡಿಸುವ ಯಂತ್ರ) ಕೆಳಗೆ ಕಾಗದದ ಒಂದು ಭಾಗಕ್ಕೆ ಮಾತ್ರ ಹೆಚ್ಚು ಹೊತ್ತು ಬೆಳಕು ಬಿಟ್ಟರೆ ಅಷ್ಟೇ ಭಾಗ ಕಪ್ಪಾಗುತ್ತದೆ. ಇದನ್ನೇ ಬರ್ನಿಂಗ್ ಅನ್ನುವುದು. ಹೀಗೆ ಬರ್ನ್ ಮಾಡುತ್ತಾ ಮಾಡುತ್ತಾ ನಂತರದ ಪ್ರಿಂಟ್‌ಗಳಲ್ಲಿ ಆಕಾಶ ಹೆಚ್ಚುಕಡಿಮೆ ಪೂರ್ತಿ ಕಪ್ಪಾಯಿತು. ನೆಗೆಟಿವ್ ಅದೇ, ಚಂದ್ರ ಅದೇ, ಸ್ಮಶಾನದ ಬಿಳಿ ಶಿಲುಬೆಗಳೂ ಅವೇ. ಒಂದರಲ್ಲಿ ಸಂಜೆ ಇನ್ನೂ ಉಳಿದಿದೆ, ಇನ್ನೊಂದರಲ್ಲಿ ಊರೇ ಒಂಟಿಯಾಗಿದೆ. ಹೆಚ್ಚು ಜನ ಮೆಚ್ಚುವುದು ಕಪ್ಪು ಆಕಾಶವನ್ನು. ನನಗೆ ಹಿಡಿಸುವುದು ಬೂದು ಆಕಾಶ. ಅಲ್ಲಿ ಮನೆಗಳಲ್ಲಿ ಜನ ಇದ್ದಾರೆ ಅನ್ನಿಸುತ್ತದೆ.

ಚೌಕಟ್ಟಿನ ಮಾತಿಗೆ ಅಮೆರಿಕದ ಛಾಯಾಗ್ರಾಹಕಿ ಡೊರೊತಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ ತೆಗೆದ ತಾಯಿಯ ಚಿತ್ರ ಸಾಕು. ಎರಡೂ ಭುಜಕ್ಕೆ ಒರಗಿದ ಮಕ್ಕಳು ಮುಖ ತಿರುಗಿಸಿಕೊಂಡಿದ್ದಾರೆ. ಅವರ ಮುಖವೂ ಕಂಡಿದ್ದರೆ ನಮ್ಮ ಕಣ್ಣು ಮೂರು ಕಡೆ ಹಂಚಿಹೋಗುತ್ತಿತ್ತು. ಈಗ ಹೋಗಲು ಇರುವುದು ಒಂದೇ ಮುಖ, ಮೇಲೆದ್ದ ಮುಂಗೈ ಕೂಡ ಅಲ್ಲಿಗೇ ಕರೆದೊಯ್ಯುತ್ತದೆ. ಬಲಗಡೆ ಕೆಳಮೂಲೆಯಲ್ಲಿ ಡೇರೆಯ ಕಂಬ ಹಿಡಿದ ಒಂದು ಹೆಬ್ಬೆರಳಿತ್ತು, ಆಮೇಲೆ ರೀಟಚ್ ಮಾಡಿ ಅಳಿಸಿದರು. ಫ್ರಾನ್ಸಿನ ಛಾಯಾಗ್ರಾಹಕ ಕಾರ್ಟಿಯೇ-ಬ್ರೆಸ್ಸನ್ 1932ರಲ್ಲಿ ಪ್ಯಾರಿಸ್‌ನ ಸೇಂಟ್ ಲಜಾರ್ ನಿಲ್ದಾಣದ ಹಿಂದೆ ತೆಗೆದ, ನಿಂತ ನೀರಿನ ಮೇಲೆ ಹಾರುವ ಮನುಷ್ಯನ ಚಿತ್ರವೂ ಕತ್ತರಿಸಿದ್ದೇ. ಬೇಲಿಯ ಸಂದಿಯಿಂದ ತೆಗೆದದ್ದರಿಂದ ಎಡಗಡೆ ಹಲಗೆ ಅಡ್ಡ ಬಂದಿತ್ತು, ಅದನ್ನು ಕತ್ತರಿಸಿ ತೆಗೆದರು. ಆ ಚಿತ್ರದಲ್ಲಿ ಹಿಂದಿನ ಗೋಡೆಯ ಪೋಸ್ಟರ್ ತಪ್ಪಿಸಬೇಡಿ: ಅಲ್ಲೂ ಒಬ್ಬರು ಹಾರುತ್ತಿದ್ದಾರೆ, ಎದುರು ದಿಕ್ಕಿಗೆ.

ನೋಡುವ ಕ್ರಮ ಹೀಗಿರಲಿ. ಕಣ್ಣು ಕಿರಿದು ಮಾಡಿ ನೋಡಿ. ವಿವರ ಮಾಯವಾಗಿ ಕಪ್ಪು, ಬೂದು, ಬಿಳುಪಿನ ಮೂರು ನಾಲ್ಕು ದೊಡ್ಡ ತುಂಡುಗಳು ಉಳಿಯುತ್ತವೆ. ಅಷ್ಟರಲ್ಲೇ ಚಿತ್ರ ನಿಂತರೆ ರಚನೆ ಗಟ್ಟಿ. ಆಮೇಲೆ ತಲೆಕೆಳಗು ಮಾಡಿ. ಮುಖ, ಕಥೆ ಯಾವುದೂ ಅಡ್ಡ ಬರುವುದಿಲ್ಲ, ತೂಕ ಎಲ್ಲಿ ಬಿದ್ದಿದೆ ತಿಳಿಯುತ್ತದೆ. ಒಂದೊಂದೇ ಮೂಲೆಯನ್ನು ಬೆರಳಿಂದ ಮುಚ್ಚಿ, ಏನು ಕಳೆದುಹೋಯಿತು ಗಮನಿಸಿ. ಮೊಬೈಲ್ ಪರದೆಯ ಬೆಳಕು ಅರ್ಧಕ್ಕಿರಲಿ. ಪೂರ್ತಿ ಏರಿಸಿದರೆ ಬೂದುಗಳೆಲ್ಲ ತೇಲಿಬರುತ್ತವೆ, ಪ್ರಿಂಟ್‌ನ ಗಾಂಭೀರ್ಯ ಹೋಗುತ್ತದೆ.

ಬಣ್ಣದ ಚಿತ್ರವನ್ನು ಕಪ್ಪು-ಬಿಳುಪು ಮಾಡುವವರು ಸಾಮಾನ್ಯವಾಗಿ ಎಡವುವುದು ಕೆಂಪು-ಹಸಿರಿನಲ್ಲಿ. ಹಸಿರೆಲೆಯ ನಡುವಿನ ಕೆಂಪು ಹೂ ಬಣ್ಣದಲ್ಲಿ ಎದ್ದು ಕಾಣುತ್ತದೆ. ಬಣ್ಣ ತೆಗೆದಾಗ ಎರಡೂ ಬಹುತೇಕ ಒಂದೇ ಬೂದಾಗಿ ಹೂ ಎಲೆಯೊಳಗೆ ಮುಳುಗಬಹುದು. ಆಗ ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ಅಂತರ) ಏರಿಸಬೇಡಿ, ನೆರಳಿನ ವಿವರ ಸಾಯುತ್ತದೆ. ಎಡಿಟಿಂಗ್ ಆ್ಯಪ್‌ನಲ್ಲಿ ಕೆಂಪಿನ ಸ್ಲೈಡರ್ ಮೇಲೆ, ಹಸಿರಿನದು ಕೆಳಗೆ ಮಾಡಿ. ಫಿಲ್ಮ್ ಕಾಲದಲ್ಲಿ ಲೆನ್ಸ್ ಮುಂದೆ ಕೆಂಪು ಫಿಲ್ಟರ್ ಹಾಕಿ ಮಾಡುತ್ತಿದ್ದದ್ದೂ ಇದನ್ನೇ. ನೀಲಿ ಆಕಾಶ ಕಪ್ಪಾಗುತ್ತಿದ್ದದ್ದೂ ಅದರಿಂದಲೇ. ಮುಖವಿರುವ ಚಿತ್ರದಲ್ಲಿ ಮಾತ್ರ ಕೆಂಪನ್ನು ಹೆಚ್ಚು ಏರಿಸಬಾರದು, ತುಟಿ ಬಿಳಿಚಿ ಚರ್ಮದ ಜೊತೆ ಸೇರಿಹೋಗುತ್ತದೆ.